ನಾಲ್ಕನೇ ಜ್ವರ, ಎರಡು ಮಿಸ್ಡ್ ಕಾಲ್

"ನಿಮ್ಗೆ ಒಸಿನಾದ್ರೂ ಬುದ್ಧಿ ಐತೇನ್ರೀ? ಗೋಡೆ ಆಚೆ ನಮ್ಮ ಹುಳ ನಾಲ್ಕನೇ ಜ್ವರಕ್ಕೆ ಕುಂತವೆ!"

ಬಾಗಿಲಲ್ಲಿ ನಿಂತಿದ್ದ ಲತಾಮಣಿಯ ಕೈಯಲ್ಲಿ ಪೊರಕೆ ಇತ್ತು. ಒಳಗೆ ಬೇಸ್ ಗಿಟಾರ್ ಹಿಡಿದು ಕೂತಿದ್ದ ಅನಂತರಾಜು ಮೊದಲು ಪೊರಕೆ ನೋಡಿದ, ಆಮೇಲೆ ಅವಳನ್ನು ನೋಡಿದ.

"ಹುಳಕ್ಕೂ ಜ್ವರ ಬತ್ತದಾ?"

ಕೋಡಿಹಳ್ಳಿಯಲ್ಲಿ ದನ ಬಿಟ್ಟು ಬೇರೇನೂ ಸಾಕದ ಮನೆಯ ಹುಡುಗ, ಪಾಪ! ರೇಷ್ಮೆ ಹುಳ ಪೊರೆ ಕಳಚುವ ಮುಂಚೆ ಮೇವು ಬಿಟ್ಟು ತಲೆಯೆತ್ತಿ ಕೂರುವುದಕ್ಕೇ ಹೊಂಗನೂರಿನಲ್ಲಿ ಜ್ವರ ಎನ್ನುವುದು. ಆಗ ಹುಳದ ತಟ್ಟೆ ಅಲುಗಬಾರದು; ಇವನ ಸದ್ದಿಗೆ ಗೋಡೆಯೇ ಅದುರುತ್ತಿತ್ತು. ಅಪ್ಪ ಕರಿಯಪ್ಪ ಮೊದಲ ಸಲ ಒಂದಿಡೀ ಬೆಳೆಯನ್ನು ಲತಾಮಣಿಯ ಕೈಗೆ ಒಪ್ಪಿಸಿದ್ದ. ಅದು ಕೆಟ್ಟರೆ ಆಡಿಕೊಳ್ಳುವವರು ಊರ ತುಂಬ ಇದ್ದರು.

ಅನಂತರಾಜು ತನ್ನ ಕಥೆ ಹೇಳಿದ. ಬಿಡದಿಯಲ್ಲಿ ಫ್ಯಾಕ್ಟರಿ ಕೆಲಸ. ಅಲ್ಲಿ ಬಾಡಿಗೆ ಏರಿದ್ದಕ್ಕೆ ಹೋದ ತಿಂಗಳು ಕರಿಯಪ್ಪನ ಈ ಕೋಣೆ ಹಿಡಿದಿದ್ದ. ರಜೆಯಲ್ಲಿ ಚನ್ನಪಟ್ಟಣದ ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸುತ್ತಿದ್ದ. ಸದ್ದು ಹೊರಡುವ ಹಳೇ ಆಂಪ್ ಪೆಟ್ಟಿಗೆ ರಾಗಿ ಮೂಟೆಯಷ್ಟು ಭಾರವಿದ್ದು, ಬಸ್ ಕಂಡಕ್ಟರ್ ಹತ್ತಿಸಿಕೊಳ್ಳದೆ ಎರಡು ಕಾರ್ಯಕ್ರಮ ತಪ್ಪಿದ್ದವು. ಮೂರನೆಯದೂ ತಪ್ಪಿದರೆ ಬೇರೆಯವನನ್ನು ಹುಡುಕುತ್ತೇನೆ ಎಂದು ಆರ್ಕೆಸ್ಟ್ರಾ ಯಜಮಾನ ಹೇಳಿಬಿಟ್ಟಿದ್ದ. ಅದಕ್ಕೇ ಅವತ್ತು ಬೆಂಗಳೂರಿನ ಅಂಗಡಿಯಿಂದ ಈ ಎಂಟು ಕಿಲೋ ಆಂಪ್ ತಂದಿದ್ದ. ಹಿಡಿಸದಿದ್ದರೆ ಹತ್ತು ದಿನದೊಳಗೆ ವಾಪಸ್ ಕೊಡಬಹುದಿತ್ತು.

"ಸದ್ದೂ ಹಗುರ ಅನ್ನಿಸ್ತು. ಅದ್ಕೆ ಬೇಸ್ ಗುಂಡೀನ ಪೂರ್ತಿ ತಿರುಗಿಸ್ದೆ," ಎಂದ.

ಲತಾಮಣಿ ಹಣೆ ಚಚ್ಚಿಕೊಂಡಳು. ಆದರೂ ಅವನು ಆಂಪ್ ನುಡಿಸಿ ನೋಡುವುದಕ್ಕೆ ಷರತ್ತು ಹಾಕಿ ಒಪ್ಪಿದಳು. ಹುಳ ಜ್ವರದಿಂದ ಎದ್ದು ಮೇಯತೊಡಗಿದ ಮೇಲೆ ಸಂಜೆ ಅರ್ಧ ಗಂಟೆ ನುಡಿಸಬೇಕು. ಅವಳು ಹುಳುಮನೆಯಲ್ಲಿ ತಟ್ಟೆಯ ಮೇಲೆ ಕೈಯಿಟ್ಟು ಅದುರುತ್ತದೆಯೇ ಎಂದು ನೋಡುತ್ತಾಳೆ. ಅವಳಿಂದ ಒಂದು ಮಿಸ್ಡ್ ಕಾಲ್ ಬಂದರೆ ಸರಿಯಿಲ್ಲ, ಎರಡು ಬಂದರೆ ಸರಿ.

ನಾಲ್ಕು ಸಂಜೆಯೂ ಒಂದೊಂದೇ ಕಾಲ್ ಹೋಯಿತು.

'ದೇವರೇ... ಈ ಮನುಷ್ಯನಿಗೆ ಆ ಒಂದು ಗುಂಡಿ ಬಿಟ್ಟು ಬೇರೆ ಯಾವುದೂ ಕಾಣಿಸಲ್ವಾ?'

ಬೈದುಕೊಳ್ಳುತ್ತಲೇ ಇದ್ದಳು. ಆದರೆ ಸಂಜೆಯಾದರೆ ಫ್ಯಾಕ್ಟರಿ ಬಸ್ಸಿನ ಹಾರನ್ನಿಗೆ ಕಿವಿ ತಾನಾಗಿಯೇ ನಿಮಿರುತ್ತಿತ್ತು. ಅದು ಅವಳಿಗೆ ಇನ್ನಷ್ಟು ಸಿಟ್ಟು ತರಿಸುತ್ತಿತ್ತು.

ಐದನೇ ಸಂಜೆ ತಾಳ್ಮೆ ಮುಗಿಯಿತು. ನೇರ ಕೋಣೆಗೆ ನುಗ್ಗಿದವಳು ಗೋಡೆಗೆ ಅಂಟಿಸಿಟ್ಟಿದ್ದ ಪೆಟ್ಟಿಗೆಯನ್ನು ತಾನೇ ಎತ್ತಿ, ಎದುರು ಮೂಲೆಯ ಕುರ್ಚಿಯ ಮೇಲಿಟ್ಟಳು. ಬೇಸ್ ಗುಂಡಿಯನ್ನು ಅರ್ಧಕ್ಕಿಂತ ಕೆಳಗಿಳಿಸಿದಳು.

"ಪಕ್ಕದ್ದು ಯಾವ್ದು?"

"ಲೋ ಮಿಡ್. ಬೇಸ್‌ಗಿಂತ ಒಸಿ ಮೇಲಿನ ಸದ್ದು."

"ಇದನ್ನ ಮುಟ್ಟೇ ಇಲ್ವಲ್ರೀ ನೀವು!"

ಅವಳು ಅದನ್ನು ಒಂಚೂರು, ಇನ್ನೊಂಚೂರು ಏರಿಸಿದಳು. ಅವನು ತಂತಿ ಮೀಟಿದ. ಗುಂಯ್‌ಗುಡುವುದು ನಿಂತು ಒಂದೊಂದು ಸ್ವರವೂ ಬಿಡಿಬಿಡಿಯಾಗಿ, ತುಂಬಿಕೊಂಡು ಕೇಳಿತು. ಅವನು ಬೆರಗಾಗಿ ತಲೆಯೆತ್ತುವಷ್ಟರಲ್ಲಿ ಅವಳು ಹುಳುಮನೆಗೆ ಓಡಿದ್ದಳು. ತಟ್ಟೆ ಅಲುಗುತ್ತಿರಲಿಲ್ಲ. ಅವತ್ತು ಅವನ ಫೋನು ಎರಡು ಸಲ ರಿಂಗಾಯಿತು.

ಆಂಪ್ ತಂದ ಹತ್ತನೇ ದಿನ, ಭಾನುವಾರ, ಹುಳ ಹಣ್ಣಾಗಿ ಗೂಡಿಗೆ ಸಿದ್ಧವಾದವು. ಮನೆಮಂದಿಯೆಲ್ಲ ಅವನ್ನು ಆರಿಸಿ, ಗೂಡು ಕಟ್ಟಲು ಚಂದ್ರಿಕೆಯೆಂಬ ಬಿದಿರ ತಟ್ಟಿಗೆ ಬಿಡುತ್ತಿದ್ದರು. ಮಧ್ಯಾಹ್ನ ಲತಾಮಣಿ ಹೊರಗೆ ಬಂದಾಗ ಅವನ ಕೋಣೆಗೆ ಬೀಗ ಬಿದ್ದಿತ್ತು. ಬೆಳಿಗ್ಗೆಯೇ ಪೆಟ್ಟಿಗೆ ಹೊತ್ತು ಬಸ್ಸಿಗೆ ಹೋದನೆಂದು ಅವ್ವ ವೆಂಕಟಲಕ್ಷ್ಮಮ್ಮ ಹೇಳಿದಳು.

ಲತಾಮಣಿ ಬೆರಳು ಮಡಿಸಿ ದಿನ ಎಣಿಸಿದಳು. ಇವತ್ತೇ ಕೊನೆಯ ದಿನ. ವಾಪಸ್ ಕೊಡಲು ಹೋಗಿದ್ದಾನೆ! ನನ್ನ ಕಾಟಕ್ಕೆ ಬೇಸತ್ತು ಆರ್ಕೆಸ್ಟ್ರಾವನ್ನೇ ಬಿಟ್ಟನೋ ಏನೋ... ಹೇಳಿ ಹೋಗೋಕೇನು ರೋಗ ಇವನಿಗೆ?

ಫೋನ್ ಮಾಡಿದಳು. ಒಂದು ರಿಂಗಿಗೇ ಧೈರ್ಯ ಸಾಲದೆ ಕತ್ತರಿಸಿದಳು.

ಹೊತ್ತು ಮುಳುಗುವಾಗ ಅನಂತರಾಜು ಏದುಸಿರು ಬಿಡುತ್ತಾ ಅಂಗಳಕ್ಕೆ ಬಂದ. ಹೆಗಲ ಮೇಲೆ ಅದೇ ಪೆಟ್ಟಿಗೆ ಇತ್ತು.

ಬೆಳಿಗ್ಗೆ ಚಂದ್ರಿಕೆಗಳನ್ನು ಹೊರಗಿಟ್ಟದ್ದು ನೋಡಿ, ಇವತ್ತು ಇಲ್ಲಿ ಸದ್ದು ಬೇಡವೆಂದು ಚನ್ನಪಟ್ಟಣಕ್ಕೆ ಪ್ರಾಕ್ಟೀಸಿಗೆ ಹೋಗಿದ್ದನಂತೆ. ಅವಳು ತಿರುಗಿಸಿಟ್ಟ ಗುಂಡಿಗಳನ್ನು ಮುಟ್ಟದೆ ನುಡಿಸಿದ್ದಕ್ಕೆ ಯಜಮಾನನೇ ತಲೆದೂಗಿದನಂತೆ. ಆಂಪ್ ಇನ್ನು ವಾಪಸ್ ಹೋಗುವುದಿಲ್ಲ.

"ಅಷ್ಟ್ರಲ್ಲಿ ನಿಮ್ದು ಒಂದೇ ರಿಂಗ್ ಬಂತು. ತಿರುಗಿ ಮಾಡೋಕೆ ಕರೆನ್ಸಿ ಇರ್ಲಿಲ್ಲ, ಬಸ್ ಹತ್ತಿ ಬಂದ್ಬುಟ್ಟೆ. ಆಂಪ್ ನನ್ ಹೆಗಲ ಮೇಲೈತೆ. ಇಲ್ಲಿ ಏನ್ರೀ ಸರಿಯಿಲ್ಲ?"

ಲತಾಮಣಿಗೆ ಸಿಟ್ಟು, ಅಳು ಒಟ್ಟಿಗೇ ಬಂದವು.

"ನೀವು ಹೇಳ್ದೆ ಹೋಗಿದ್ದು. ಆ ಬೀಗ ನೋಡ್ದಾಗ ಏನೂ ಸರಿ ಇರ್ಲಿಲ್ಲ ನಂಗೆ."

ಅವನು ಪೆಟ್ಟಿಗೆಯನ್ನು ಮೆಲ್ಲಗೆ ಜಗಲಿಯ ಮೇಲಿಟ್ಟ.

"ದಿನಾ ಬರ್ತಿದ್ದ ಒಂದ್ ರಿಂಗ್ ಬೈಗುಳ ಅಂತ ಗೊತ್ತಿತ್ತು. ಆದ್ರೂ ಅದಕ್ಕೇ ಕಾಯ್ತಿದ್ದೆ. ನೀವು ಅಂದ್ರೆ ನಂಗೆ ಇಷ್ಟ ಕಣ್ರೀ... ನಿಮ್ಗೆ?"

ಅವಳು ತಲೆ ತಗ್ಗಿಸಿ ಫೋನಿನ ಗುಂಡಿ ಒತ್ತಿದಳು. ಅವನ ಜೇಬಿನಲ್ಲಿ ಒಂದು ರಿಂಗಾಗಿ ನಿಂತಿತು. ಅವನ ಮುಖ ಬಾಡಿತು.

"ಒಸಿ ತಾಳ್ರೀ," ಎಂದು ಗದರಿ, ಅವಳು ಮತ್ತೊಮ್ಮೆ ಒತ್ತಿದಳು.