ಎಡ ಸೀಟಿನಲ್ಲಿ ಕೂತ ಕಳ್ಳ

ಕಾರು ಇದ್ದಲ್ಲೇ ಇತ್ತು. ಗಾಜು ಒಡೆದಿರಲಿಲ್ಲ, ಚಕ್ರ ಹೋಗಿರಲಿಲ್ಲ. ಕಳುವಾಗಿದ್ದು ಒಂದು ಹೆಸರು.

"ನನ್ನ ಮಗನ್ನ ಅಳಿಸಿಬಿಟ್ಟಾರ್ರೀ!"

ಬೆಳಿಗ್ಗೆ ಏಳಕ್ಕೆ ಸೋಮಣ್ಣನವರ ಕೂಗಿಗೆ ಮಿಯಾಪುರದ ಆ ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿ ಜನ ಸೇರಿತು. ಮೂರನೇ ಮಹಡಿಯಿಂದ ಶಿವದೇವಿ ಇಳಿದು ಬಂದರು. ಪೊಲೀಸ್ ಇಲಾಖೆಯಲ್ಲಿ ಮೂವತ್ತು ವರ್ಷ ಸವೆಸಿ ನಿವೃತ್ತರಾದವರು. ತೆಲುಗು ಗಡಿಯ ನಾರಾಯಣಪೇಟೆ ಕಡೆಯವರಾದರೂ ಮನೆಮಾತು ಕನ್ನಡ.

ಹೋದ ವರ್ಷ ಸೋಮಣ್ಣನವರ ಮಗ ಪವನ ಈ ಸೆಡಾನ್ ಕೊಂಡಿದ್ದ. ಒಂಬತ್ತನೇ ದಿನಕ್ಕೆ ಡೆಂಗಿ ಜ್ವರ. ಹದಿಮೂರನೇ ದಿನಕ್ಕೆ ಅವನೇ ಇರಲಿಲ್ಲ. ಕಾರಿನ ಪರದೆಯಲ್ಲಿ ಅವನು ತನ್ನ ಹೆಸರು ತುಂಬಿಸಿಟ್ಟಿದ್ದ. ಗುಂಡಿ ಒತ್ತಿದರೆ ಅದು 'ವೆಲ್‌ಕಮ್ ಪವನ' ಎನ್ನುತ್ತಿತ್ತು. ಅಪ್ಪನ ಬೆನ್ನು ಬೆವರಬಾರದೆಂದು ಸೀಟಿನೊಳಗಿಂದಲೇ ಗಾಳಿ ಬರುವ ಮಾಡೆಲ್ಲನ್ನೇ ಹುಡುಕಿ ತಂದಿದ್ದ.

ರಕ್ಷಣಾ ಕಾರ್ಖಾನೆಯ ಬಸ್ಸಿನಲ್ಲೇ ಆಯುಷ್ಯ ಕಳೆದ ಸೋಮಣ್ಣನವರಿಗೆ ಕಾರು ಓಡಿಸಲು ಬಾರದು. ದಿನಾ ಬೆಳಿಗ್ಗೆ ಎಡ ಸೀಟಿನಲ್ಲಿ ಕೂತು, ಗಾಳಿ ಜೋರಾಗಿ ಇಟ್ಟು, ಆ ಹೆಸರು ಕೇಳಿಸಿಕೊಂಡು, ಖಾಲಿ ಬಲ ಸೀಟಿನ ಜೊತೆ ಒಂದು ತಾಸು ಮಾತಾಡುವರು. ಬಲ ಸೀಟು ಪವನ ಹೊಂದಿಸಿಟ್ಟಂತೆಯೇ ಇರಬೇಕು, ಯಾರೂ ಕೂರಬಾರದು. ನಗುವವರು ನಕ್ಕರು. ನಕ್ಕವರ ಮನೆಯಲ್ಲಿ ಸಾವಾಗಿರಲಿಲ್ಲ.

ಇವತ್ತು ಪರದೆ 'ವೆಲ್‌ಕಮ್ ಯೂಸರ್' ಎಂದಿತ್ತು. ಹೆಸರು, ಅವನ ಹಾಡುಗಳು, ಎಲ್ಲ ಮಾಯ.

"ಇವನ ಕೆಲಸಾನ ಇದು!" ಸೋಮಣ್ಣನವರು ಹುಲಗೇಶನ ರಟ್ಟೆ ಹಿಡಿದಿದ್ದರು. "ನಿನ್ನಿ ಒಳಗ ಸ್ವಚ್ಛ ಮಾಡಾಕ ಕೀಲಿ ಕೊಟ್ಟಿದ್ದೆ. ಹತ್ತಕ್ಕ ಠಾಣೆಗೆ ಹೋಗಾಂವ ನಾ."

ಹುಲಗೇಶ ಸುರಪುರ ಕಡೆಯ ಆರಡಿ ಆಳು. ಇಲ್ಲಿನ ನಲವತ್ತು ಕಾರು ತೊಳೆದು ಮೂರು ಮಕ್ಕಳನ್ನು ಸಾಕುವವನು.

"ಹುಲಗೆಮ್ಮನಾಣಿ, ನಾ ಪರದಿ ಮುಟ್ಟಿಲ್ರೀ ಅಕ್ಕಾರ. ಕಂಪ್ಲೇಂಟ್ ಆದ್ರ ಗೇಟಿನಾಗ ಬಿಡೂದಿಲ್ಲ ನನ್ನ. ನಲವತ್ತೂ ಕಾರು ಹೋಗ್ತಾವ."

"ಹತ್ತರ ತನಕ ಟೈಮ್ ಐತಲ್ಲ, ಅಣ್ಣಾರ. ಸ್ವಲ್ಪ ಕುಂದ್ರಿ," ಎಂದರು ಶಿವದೇವಿ.

"ಎಲ್ಲಿ ಕುಂದ್ರಲಿ? ಮುಂಜಾನೆ ಕುಂತ ಕೂಡ್ಲೆ ಮೊಣಕಾಲು ಡ್ಯಾಶಿಗೆ ಬಡದಾವು!"

ಶಿವದೇವಿ ತಟ್ಟನೆ ತಿರುಗಿದರು. ಎಡ ಬಾಗಿಲು ತೆರೆದು ನೋಡಿದರು. ಸೀಟು ಪೂರ್ತಿ ಮುಂದಕ್ಕೆ ಬಂದಿತ್ತು. ಅದರ ಎದುರಿನ ಗಾಳಿಕಿಂಡಿ ಬಿಗಿಯಾಗಿ ಮುಚ್ಚಿತ್ತು.

"ಈ ಕಿಂಡಿ ನೀವು ಮುಚ್ಚಿದ್ರೇನ್ರಿ?"

"ನಾ ಯಾಕ ಮುಚ್ಚಲಿ? ನಂಗ ಗಾಳಿ ಬೇಕು."

* * *

"ನಿನ್ನಿ ಸೀಟು ಹೆಂಗ ಬಿಟ್ಟಿದ್ದಿ?" ಶಿವದೇವಿ ಹುಲಗೇಶನನ್ನು ಪಕ್ಕಕ್ಕೆ ಕರೆದು ಕೇಳಿದರು.

"ಪೂರಾ ಹಿಂದಕ್ಕ ತಳ್ಳಿದ್ದೆ, ಕೆಳಗಿನ ಕಸ ತಗ್ಯಾಕ. ಕಿಂಡಿ ತಗದು ಬ್ರಷ್ ಹೊಡದೀನಿ. ಐದಕ್ಕ ಕೀಲಿ ಮನಿಗೆ ಹೋಗಿ ಅಮ್ಮಾರ ಕೈಗೆ ಮುಟ್ಟಿಸೀನಿ."

ಆಗ ಸೋಮಣ್ಣನವರು ಮನೆಯಲ್ಲಿರಲಿಲ್ಲ. ಮಗನ ವರ್ಷಾಬ್ದಿಕದ ಸಾಮಾನಿಗೆ ಬೇಗಂ ಬಜಾರಿಗೆ ಹೋಗಿ ಎಂಟಕ್ಕೆ ಮರಳಿದ್ದರು. ಆ ನಡುವೆ ಮಣಿಕೊಂಡದಿಂದ ಮಗಳು ನಿರೀಕ್ಷಾ ಬಂದು ಹೋಗಿದ್ದಳು. ಕಾರು ಮಾರಿಬಿಡಿ ಎಂದು ಆರು ತಿಂಗಳಿಂದ ಜಗಳವಾಡುತ್ತಿದ್ದವಳು ಅವಳೇ. ಶಿವದೇವಿ ಫೋನ್ ಮಾಡಿದರು.

"ಮಾರ್ರಿ ಅಂದಿದ್ದು ಖರೇ, ಆಂಟಿ. ಅಪ್ಪ ಅದರಾಗ ಕುಂತು ಕುಂತು ನಮ್ಮನ್ನ ಮರ್ತಾರ. ಹಂಗಂತ ಅಂವನ ಹೆಸರು ಅಳಸ್ತೀನೇನು? ನನ್ನ ತಮ್ಮ ರೀ ಅಂವ."

"ನಿನ್ನ ಎತ್ತರ ಎಷ್ಟವ್ವ?"

"ಅಪ್ಪಗಿಂತ ಒಂದಿಂಚು ಹೆಚ್ಚು. ಯಾಕ?"

ಶಿವದೇವಿಗೆ ಉತ್ತರ ಸಿಕ್ಕಿತ್ತು. ಸಿಕ್ಕಿದ್ದಕ್ಕೆ ಸಂತೋಷವೇನೂ ಆಗಲಿಲ್ಲ. ಇಷ್ಟು ವರ್ಷದ ನೌಕರಿಯಲ್ಲಿ ಎಷ್ಟೋ ಕಳ್ಳರನ್ನು ಹಿಡಿದಿದ್ದರು. ಈ ಒಬ್ಬರನ್ನು ಹಿಡಿಯದೆ ಬಿಡಲು ಮನಸ್ಸಾಯಿತು. ಆದರೆ ಹುಲಗೇಶ ಗೇಟಿನ ಬಳಿ ಬಕೆಟ್ ಹಿಡಿದು ನಿಂತೇ ಇದ್ದ.

* * *

ಒಂಬತ್ತೂವರೆ. ಸೋಮಣ್ಣನವರ ಮನೆ. ಹುಲಗೇಶನನ್ನೂ ಒಳಗೆ ಕರೆಸಿದ್ದರು. ಸೋಮಣ್ಣನವರ ಹೆಂಡತಿ, ಕುಳ್ಳಗಿನ ಉಷಾ, ಚಹಾ ತಂದುಕೊಟ್ಟು ನೆಲದ ಮೇಲೆ ಕೂತರು. ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು. ಆಕೆ ಸೆರಗನ್ನು ಕಿವಿಗೆ ಬಿಗಿಯಾಗಿ ಸುತ್ತಿಕೊಂಡರು.

"ಕೆಡಸಾಕ ಬಂದಾಂವ ಬಲಗಡೆ ಬಾಗಲಾ ತಗದು ಆರಾಮ ಕುಂದ್ರತಿದ್ದ," ಎಂದರು ಶಿವದೇವಿ. "ಆದ್ರ ಅಳಸಿದವರು ಬಲ ಸೀಟು ಮುಟ್ಟಿಲ್ಲ. ಅದು ಪವನ ಇಟ್ಟಂಗ ಐತಿ. ಎಡಕ್ಕ ಕುಂತಾರ. ಪರದಿ ಕೈಗೆ ಎಟಕಿಲ್ಲ, ಸೀಟು ಮುಂದಕ್ಕ ತಗೊಂಡಾರ. ಅಂದ್ರ ಕುಳ್ಳನ ಮನಿಷ್ಯಾರು. ಹುಲಗೇಶ ಆರಡಿ, ನಿರೀಕ್ಷಾ ನಿಮಗಿಂತ ಎತ್ತರ. ಗಾಳಿ ಬಡೀಬಾರದಂತ ಕಿಂಡಿ ಮುಚ್ಚಾರ. ಅಂದ್ರ ಭಾಳ ಹೊತ್ತು ಕುಂತಾರ. ಪವನನ ಜಾಗಾಕ್ಕ ಅಷ್ಟು ಮರ್ಯಾದಿ ಕೊಟ್ಟು, ಗಾಳಿಗೆ ಹೆದರೋರು..."

ಶಿವದೇವಿ ಉಷಾ ಕಡೆ ತಿರುಗಿದರು.

"ನಾನ ರೀ," ಎಂದರು ಉಷಾ.

ಸೋಮಣ್ಣನವರು ಕೈಯಲ್ಲಿದ್ದ ಲೋಟ ಕೆಳಗಿಟ್ಟರು.

"ಅಳಸಾಕ ಹೋಗಿದ್ದಿಲ್ಲ. ಒಂದ್ಸಲ ಅಂವನ ಹೆಸರು ಕೇಳಬೇಕಂತ ಹೋದೆ. ಹೆಸರು ಹೇಳಿದ ಮ್ಯಾಲ ಅದು ಅಂವನ ಫೋನ್ ಹುಡಕತೈತ್ರೀ. ಹುಡಕತೈತಿ, ಹುಡಕತೈತಿ, ಆಮ್ಯಾಲ ಸಿಗಲಿಲ್ಲ ಅಂತೈತಿ. ಮತ್ತ ಹುಡಕತೈತಿ. ನೋಡಾಕ ಆಗಲಿಲ್ಲ ನಂಗ. ಅದನ್ನ ನಿಲ್ಲಿಸಬೇಕಂತ ಏನೇನೋ ಒತ್ತಿದೆ. ಇಂಗ್ಲಿಷಿನ್ಯಾಗ ಏನೋ ಕೇಳ್ತು, ಯೆಸ್ ಒತ್ತಿದೆ. ಎಲ್ಲಾ ಹೋತು. ಮುಂಜಾನಿಂದ ಹೇಳಬೇಕಂತೀನಿ, ಧೈರ್ಯ ಆಗಲಿಲ್ಲ. ತಪ್ಪಾತಪ್ಪಾ, ಹುಲಗೇಶ."

"ಇರ್ಲಿ ಬಿಡ್ರೀ ಅಮ್ಮಾರ," ಎಂದ ಹುಲಗೇಶ. ಅವನ ಕಣ್ಣೂ ತುಂಬಿತ್ತು.

"ನಂಗ ಹೇಳಬಾರದೇನ, ಉಷಾ?" ಎಂದರು ಸೋಮಣ್ಣನವರು.

"ಯಾವಾಗ ಹೇಳ್ಲಿ? ವರ್ಷಾತು, ನಿಮ್ಮ ಮಾತೆಲ್ಲಾ ಆ ಖಾಲಿ ಸೀಟಿನ ಜೋಡಿ. ನಾನೂ ಅಂವನ್ನ ಹಡದಾಕಿ. ನನ್ನ ಮುಂದ ಒಂದಿನಾರ ಅಂವನ ಹೆಸರು ಎತ್ತೀರೇನು?"

ಸೋಮಣ್ಣನವರು ಎದ್ದು ಹುಲಗೇಶನಿಗೆ ಕೈಮುಗಿದರು. ಅವನು ಗಾಬರಿಯಾಗಿ ಆ ಕೈಗಳನ್ನು ಹಿಡಿದು ಇಳಿಸಿದ. ಆಮೇಲೆ ಅವರು ಬಂದು ಹೆಂಡತಿಯ ಪಕ್ಕ ನೆಲದ ಮೇಲೆ ಕೂತರು. ಕರುಳು ಕಿತ್ತು ಬಂದಂತೆ ಅತ್ತರು.

ಶಿವದೇವಿ ಹುಲಗೇಶನನ್ನು ಕರೆದುಕೊಂಡು ಹೊರಬಿದ್ದರು. ಬಾಗಿಲು ಎಳೆದುಕೊಳ್ಳುವಾಗ ಸೋಮಣ್ಣನವರ ಮಾತು ಕೇಳಿಸಿತು.

"ಪವನ ಅಂತ ನೀನ ಹೆಸರಿಟ್ಟಿದ್ದಿ. ಯಾಕ ಇಟ್ಟಿ? ನಾ ಒಮ್ಮೀನೂ ಕೇಳಲಿಲ್ಲ."

ಉಷಾ ಹೇಳತೊಡಗಿದರು.