ಗೋಲ್‌ಕೀಪರನ ಮೊಣಕೈ

ಇದನ್ನು ಬರೆಯುವ ಧೈರ್ಯ ಮಾಡಿದ್ದಕ್ಕೆ ಮೊದಲೇ ಕ್ಷಮೆ ಇರಲಿ. ಹಗಲೆಲ್ಲ ಹೊಲಿಗೆ, ಸಂಜೆ ತರಗತಿ, ಹಾಗೆ ಕಲಿತ ಅಕ್ಷರ ನನ್ನದು. ಫುಟ್‌ಬಾಲ್ ನಿಯಮಗಳಂತೂ ಇವತ್ತಿಗೂ ಅರ್ಧಂಬರ್ಧ. ಆದರೆ ಆ ವರ್ಷದ ಕಪ್ ಫೈನಲ್ ಬಗ್ಗೆ ನಮ್ಮ ಮನೆಯಲ್ಲಿ ಇಬ್ಬರು ಎರಡು ಥರ ಹೇಳುತ್ತಾರೆ. ನಡುವೆ ಸಿಕ್ಕಿಕೊಂಡವಳು ನಾನು.

ಚಿಕ್ಕಮ್ಮನ ಹೊಲಿಗೆ ಅಂಗಡಿಗೆ ಆ ಫೈನಲ್ ಆಡಿದ ಎರಡೂ ತಂಡಗಳ ಜೆರ್ಸಿ ಬರುತ್ತಿದ್ದವು. ಪ್ರಿಂಟಿಂಗ್ ಪ್ರೆಸ್ ತಂಡದ್ದು ಕೆಂಪು. ಕ್ಯಾಪ್ಟನ್ ನನ್ನ ಅಣ್ಣ. ವರ್ಕ್‌ಶಾಪ್ ತಂಡದ್ದು ನೀಲಿ. ಅವರ ಗೋಲ್‌ಕೀಪರ್ ಲೇತ್ ಯಂತ್ರದ ಮೇಲೆ ಕೆಲಸ ಮಾಡುವವನು. ತನ್ನ ಹಳದಿ ಜೆರ್ಸಿಯನ್ನು ತಾನೇ ತರುತ್ತಿದ್ದ.

ಮೊದಲ ಸುತ್ತಿನಲ್ಲಿ ಬಲ ಮೊಣಕೈ ಹರಿದಿತ್ತು. ಎರಡನೆಯದರಲ್ಲಿ ಅದೇ ಮೊಣಕೈ. ಕ್ವಾರ್ಟರ್ ಫೈನಲ್ ಆದ ಮೇಲೂ ಅದೇ.

"ಎಡಗಡೆಗೆ ಬೀಳೋ ಅಭ್ಯಾಸ ಇಲ್ವಾ ನಿಮಗೆ?" ಎಂದೆ.

"ಇದೆ. ಆದ್ರೆ ಆ ಕಡೆ ಹರಿಯೋದೇ ಇಲ್ಲ," ಎಂದ, ನಷ್ಟವಾದವನಂತೆ.

ಸೆಮಿಫೈನಲ್‌ನಲ್ಲಿ ಚೆಂಡು ಅವನ ಹತ್ತಿರಕ್ಕೇ ಬರಲಿಲ್ಲವೆಂದು ಊರೆಲ್ಲ ಮಾತು. ಆದರೂ ಮೊಣಕೈ ಹರಿದಿತ್ತು. ಚಿಕ್ಕಮ್ಮ ಕನ್ನಡಕ ಏರಿಸಿ ನೋಡಿದಳು.

"ಬಿದ್ದು ಹರಿದ್ರೆ ನೂಲು ಬಿಟ್ಕೊಳ್ಳುತ್ತಪ್ಪ. ಇದು ಬ್ಲೇಡ್ ಕೆಲಸ."

ಅವನ ಕಿವಿ ಕೆಂಪಾಯಿತು. ಚಿಕ್ಕಮ್ಮ ಗುಂಡಿ ಹುಡುಕುವ ನೆಪದಲ್ಲಿ ಒಳಗೆ ಹೋದಳು.

ಆ ವಾರವೇ ಇನ್ನೊಂದು ಸೆಮಿಫೈನಲ್ ಅಣ್ಣನ ತಂಡ ಗೆದ್ದಿತು. ಫೈನಲ್‌ನಲ್ಲಿ ಇನ್ನು ಅವರಿಬ್ಬರೇ ಎದುರುಬದುರು.

ಜೆರ್ಸಿ ಒಯ್ಯಲು ಬಂದವನು ಬಾಗಿಲಲ್ಲೇ ನಿಂತ. "ಫೈನಲ್ ಆದ್ಮೇಲೆ ನಿಮ್ಮಣ್ಣನ್ನ ಬಂದು ಕೇಳ್ಲಾ?"

"ಏನಂತ?"

"ಬಟ್ಟೆ ಹರ್ಕೊಳ್ದೇನೆ ನಿಮ್ಮನ್ನ ದಿನಾ ನೋಡೋದು ಹೇಗೆ ಅಂತ."

ನಗು ಬಂತು, ಬೆನ್ನಿಗೇ ಭಯವೂ. ನಮ್ಮದು ಅಪ್ಪನಿಲ್ಲದ ಮನೆ, ಅಣ್ಣ ಬೇಡವೆಂದರೆ ಬೇಡ. ಅಣ್ಣನೋ, ಈ ಕಪ್ಪಿಗಾಗಿ ವರ್ಷಗಟ್ಟಲೆ ಕಾದವನು.

"ಸೋತ್ರೆ ಬನ್ನಿ," ಎಂದೆ. "ಗೆದ್ರೆ ಅವನು ಬಾಗಿಲೂ ತೆಗೆಯಲ್ಲ."

"ಹಾಗಾದ್ರೆ ಸೋತ್ಬಿಡ್ಲಾ?"

ನಾನು ಜೆರ್ಸಿಯನ್ನು ವಾಪಸ್ ಎಳೆದುಕೊಂಡು ಮೊಣಕೈಗೆ ಇನ್ನೊಂದು ಪದರ ಬಟ್ಟೆ ಇಟ್ಟು ಹೊಲಿದೆ. ಹೊಲಿದು ಮುಗಿಯುವವರೆಗೂ ಅವನು ನನ್ನ ಬೆರಳುಗಳನ್ನೇ ನೋಡುತ್ತಿದ್ದ. ನೂಲು ಕತ್ತರಿಸಿದಾಗ, "ಸರಿ, ಸೋಲಲ್ಲ," ಎಂದು ಮೆಲ್ಲಗೆ ಹೇಳಿ ಹೋದ.

ಫೈನಲ್ ದಿನ ಕೆಂಪು ಬಾವುಟಗಳ ನಡುವೆ, ಅಮ್ಮನ ಪಕ್ಕ ಕೂತಿದ್ದೆ. ವರ್ಕ್‌ಶಾಪ್ ಒಂದು ಗೋಲು ಮುಂದಿತ್ತು. ಆಟ ಇನ್ನೇನು ಮುಗಿಯಬೇಕು, ನಮಗೆ ಪೆನಾಲ್ಟಿ ಸಿಕ್ಕಿತು. ಹೊಡೆಯಲು ನಿಂತವನು ಅಣ್ಣ.

ಹಳದಿ ಜೆರ್ಸಿ ಬಲಕ್ಕೆ ಹಾರಿತು. ಚೆಂಡು ಮೊಣಕೈಗೆ ಬಡಿದು ಗೆರೆಯ ಮೇಲೆ ಬುಗುರಿಯಂತೆ ತಿರುಗಿತಂತೆ, ಅವನು ಅದನ್ನು ಎದೆಗೆ ಅವುಚಿಕೊಂಡನಂತೆ. ಗೋಲ್ ಇಲ್ಲ ಎಂದರು ರೆಫರಿ.

ನಮ್ಮ ಕಡೆಯವರೆಲ್ಲ ಗಪ್‌ಚಿಪ್. ಅದರ ನಡುವೆ ಒಂದೇ ಒಂದು ಚಪ್ಪಾಳೆ. ಯಾರದಪ್ಪಾ ಎಂದು ತಿರುಗಿದರೆ ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

"ಕೂತ್ಕೊಳ್ಳೇ, ಮಾನಗೇಡಿ," ಎಂದು ಅಮ್ಮ ತೋಳು ಜಗ್ಗಿದಳು. ಮೈದಾನದಿಂದ ಅಣ್ಣನೂ ನೋಡಿದ.

ಮನೆಯಲ್ಲಿ ಅವನು ತಲೆ ತಗ್ಗಿಸಿ ಬೂಟಿನ ಲೇಸಿನೊಂದಿಗೆ ಗುದ್ದಾಡುತ್ತಾ ಕೂತ.

"ಆ ಮೊಣಕೈ ಹೊಲಿದದ್ದು ನೀನಾ?"

"ಹೂಂ."

"ಎಷ್ಟು ಪದರ?"

"ಎರಡು."

"ಒಂದಿದ್ದಿದ್ರೆ ಚೆಂಡು ಬಲೆಯಲ್ಲೇ ಇರ್ತಿತ್ತು."

ಗಂಟು ಬಿಚ್ಚಲೇ ಇಲ್ಲ. ನಾನು ಬಗ್ಗಿ ಬಿಚ್ಚಿದೆ. ಆಗ ಅವನ ಕೈ ನನ್ನ ತಲೆಯ ಮೇಲೆ ಬಂತು, ಇನ್ನೂ ಮಣ್ಣು ತೊಳೆಯದ ಕೈ.

"ಬರ್ಲಿ ಅವನು. ಕಪ್ ಮಾತ್ರ ತರಬಾರದು ಅನ್ನು."

ಆ ಅಂಗಡಿ ಈಗಿಲ್ಲ. ಮೈದಾನದಲ್ಲಿ ಕಟ್ಟಡ ಎದ್ದಿದೆ. ಮಂಡಿನೋವಿನ ಇಬ್ಬರು ಗಂಡಸರು ಭಾನುವಾರ ನಮ್ಮ ಮನೆಯಲ್ಲಿ ಚಹಾ ಆರಲು ಬಿಟ್ಟು ಜಗಳವಾಡುತ್ತಾರೆ.

"ಗೆರೆ ದಾಟಿತ್ತು ಭಾವ," ಎನ್ನುತ್ತಾನೆ ಅಣ್ಣ.

"ಇಲ್ಲ ಭಾವ," ಎನ್ನುತ್ತಾರೆ ನನ್ನವರು.

ಕೊನೆಗೆ ಇಬ್ಬರೂ ನನ್ನ ಕಡೆ ತಿರುಗುತ್ತಾರೆ: "ನೀನೇ ಹೇಳು, ನೋಡ್ತಿದ್ದೆಯಲ್ಲ."

ದಾಟಿತ್ತೋ ಇಲ್ಲವೋ, ನಿಜವಾಗಿಯೂ ನನಗೆ ಗೊತ್ತಿಲ್ಲ. ನಾನು ಚೆಂಡನ್ನು ನೋಡುತ್ತಿರಲಿಲ್ಲ.