ಎಡಗೆನ್ನೆಯ ಬೊಟ್ಟು

ಕೋಡ್ ಬರೆದವನು ನಾನೇ ಆದ್ದರಿಂದ, ಅದರಲ್ಲಿ ಏನಿಲ್ಲ ಎಂಬುದನ್ನು ಧೈರ್ಯವಾಗಿ ಹೇಳಬಲ್ಲೆ.

ಕೊಳ್ಳೇಗಾಲದ ನಮ್ಮ ಅಂಗಡಿಯಲ್ಲಿ ನಾಮಕರಣದ ಕರೆಯೋಲೆ ಮಾಡಿಕೊಡುತ್ತೇವೆ. ಮಗುವಿನ ಫೋಟೊ, ಹೆಸರು ತುಂಬಿದರೆ ಸಾಕು, ಸರ್ವರ್‌ನಲ್ಲಿರುವ ನನ್ನ ಕೋಡ್ ಎರಡನ್ನೂ ಸೇರಿಸಿ ಒಂದು ಚಿತ್ರ ಮಾಡಿ ಉಳಿಸಿಡುತ್ತದೆ. ಅವ್ವ ತೀರಿಕೊಂಡ ಮೇಲೆ, ಹಾಗೆ ಉಳಿದ ಚಿತ್ರಗಳಲ್ಲಿ ಮಗುವಿನ ಎಡಗೆನ್ನೆಯ ಮೇಲೆ ಕಪ್ಪು ಬೊಟ್ಟೊಂದು ಕಾಣಿಸತೊಡಗಿತು. ಕೊಟ್ಟ ಫೋಟೊದಲ್ಲಿ ಅದು ಇರುತ್ತಿರಲಿಲ್ಲ. ಅಳಿಸಿ ಮತ್ತೆ ಮಾಡಿಸಿದರೆ ಕೂದಲೆಳೆಯಷ್ಟು ಆಚೀಚೆ ಬರುತ್ತಿತ್ತು, ಬೆರಳಲ್ಲಿ ಇಟ್ಟ ಹಾಗೆ. ಆಗೆಲ್ಲ ಅಂಗಡಿಯೊಳಗೆ ಹರಳೆಣ್ಣೆ ದೀಪದ ಮಸಿಯ ವಾಸನೆ.

ಅಂಗಡಿಗೆ ಬಂದ ಯಾವ ಕೂಸನ್ನೂ ಅವ್ವ ಆ ದೀಪದ ಮಸಿಯಲ್ಲಿ ದೃಷ್ಟಿಬೊಟ್ಟಿಡದೆ ಕಳಿಸಿದವಳಲ್ಲ. "ನಿನ್ ಕೂಸ್ಗೆ ಯಾವಾಗ್ಲಾ ಇಡೋದು ನಾನು?" ಎಂದು ನನ್ನನ್ನು ಕೇಳುತ್ತ ಕೇಳುತ್ತಲೇ ಕಣ್ಣು ಮುಚ್ಚಿದಳು.

ಮಾಂಬಳ್ಳಿಯ ಚೆಲುವಮ್ಮ ಮೊಮ್ಮಗಳ ಕರೆಯೋಲೆಗೆ ಬಂದಾಗಲೂ ಬೊಟ್ಟು ಬಂತು. ನಾನು ಒರೆಸಲು ಹೊರಟರೆ ಆಕೆ ತಡೆದಳು.

"ಬ್ಯಾಡಿ ಸಾ. ನಾವ್ ಇಡೋದ ಮರ್ತಿದ್ವಿ. ಯಾರೋ ನೆಪ್ಪಾಗಿ ಇಟ್ಟವ್ರೆ, ಇರ್ಲಿ ಬುಡಿ."

ಅಂದಿನಿಂದ ಒರೆಸುವುದನ್ನು ಬಿಟ್ಟೆ.

ಕಳೆದ ತಿಂಗಳು ಒಂದು ಮಧ್ಯಾಹ್ನ, ಕೋಡ್ ಪರೀಕ್ಷಿಸಲು ಫೋಟೊ ಹಾಕದೆ, ಹೆಸರೂ ಬರೆಯದೆ ಓಡಿಸಿದೆ. ಅದೇ ಮಸಿಯ ವಾಸನೆ ಬಂತು. ಉಳಿದ ಚಿತ್ರವನ್ನು ತೆರೆದರೆ, ಫೋಟೊ ಕೂರುವ ದುಂಡನೆಯ ಜಾಗ ಬರೀ ಬೆಳ್ಳಗಿತ್ತು. ಎಡಗೆನ್ನೆ ಇರಬೇಕಾದ ಕಡೆ ಮಾತ್ರ ಬೊಟ್ಟಿತ್ತು.

ತಾನು ಬಸುರಿ ಎಂದು ನನ್ನ ಹೆಂಡತಿ ಶ್ರುತಿ ಹೇಳಿದ್ದು ಅಂದು ಸಂಜೆ.